ಜಪ್ತಿಯಾದ ಮೋಟಾರು

ಆಗ ಮನೆಯಲ್ಲಿ ರೇಡಿಯೋ ಇದ್ದರೆ ಟಪಾಲು ಕಚೇರಿಯ ಲೈಸೆನ್ಸ್ ಬೇಕಿತ್ತು. ಇಳಕಲ್ಲಿನ ನನ್ನ ಸೀರೆ ಅಂಗಡಿಯಲ್ಲಿದ್ದದ್ದು ರೇಡಿಯೋ ಅಲ್ಲ, ಮೊಳದುದ್ದದ ಮೋಟಾರು. ನಮ್ಮಪ್ಪ ಓಡಿಸುತ್ತಿದ್ದ ಹಳೆಯ ಕಾರಿನ ಪಡಿಯಚ್ಚು. ಸೀಮೆಎಣ್ಣೆ ಡಬ್ಬಿಯ ತಗಡು ಬಡಿದು, ಸೆರಗಿನ ತುಂಡಿನಿಂದ ಟಾಪು ಹೊಲಿದು, ಒಳಗೆ ರೇಡಿಯೋದ ಸಾಮಾನು ಕೂರಿಸಿ ವರ್ಷಗಟ್ಟಲೆ ಮಾಡಿದ್ದೆ. ಕೈಯಲ್ಲಿನ ಪೆಟ್ಟಿಗೆಯ ಗುಂಡಿ ಒತ್ತಿದರೆ ಗಾಡಿ ತಂತಿಯಿಲ್ಲದೆ ಎಡಕ್ಕೆ ಬಲಕ್ಕೆ ತಿರುಗುತ್ತಿತ್ತು.

ಒಮ್ಮೆ ಅಂಗಡಿಯ ಮುಂದೆ ಅದನ್ನು ಓಡಿಸುತ್ತಿದ್ದಾಗ ಲೈಸೆನ್ಸ್ ತಪಾಸಣೆಯ ಸಾಹೇಬರು ಬಂದರು.

"ಸಾವ್ಕಾರ್ರ, ಇದರಾಗ ರೇಡಿಯೋ ಐತಿ. ಲೈಸೆನ್ಸ್ ಎಲ್ಲೈತಿ?"

"ಇದರಿಂದ ಒಂದ್ ಹಾಡು ಹಾಡಸ್ರಿ ಸಾಹೇಬ್ರ, ಈಗಿಂದೀಗ ತಗೊತೇನಿ."

"ಭಾಳ ಮಾತಾಡಬ್ಯಾಡ್ರಿ. ಎಲ್ಲಾ ಜಪ್ತಿ!" ಎಂದವರೇ ನನ್ನ ಕೈಯ ಪೆಟ್ಟಿಗೆ ಕಸಿದುಕೊಂಡರು.

ಆ ಪೆಟ್ಟಿಗೆಯಿಂದ ಗಾಡಿ ತಿರುಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ನಿಲ್ಲಿಸುವ ಗುಂಡಿ ಗಾಡಿಯ ಹೊಟ್ಟೆಯ ಕೆಳಗಿತ್ತು. ಅದನ್ನು ನಾನೇಕೆ ಹೇಳಲಿ? ಗಾಡಿ ಬಜಾರಿನ ಇಳಿಜಾರು ಹಿಡಿಯಿತು. ಸಾಹೇಬರು ಗುಂಡಿ ಒತ್ತುತ್ತ ಹಿಂದೆ ಓಡಿದರು.

"ನಿಲ್ಲಸ್ರಿ ಸಾವ್ಕಾರ್ರ! ಟಾಂಗಾದ ಕೆಳಗ ಹೊಂಟೈತಿ!"

ನಾನು ಅಂಗಡಿಯ ಕಟ್ಟೆಯಿಂದ ಏಳಲಿಲ್ಲ.

"ಜಪ್ತಿ ಆದ ಮಾಲು ಸರಕಾರದ್ದ್ರಿ. ನಾ ಹೆಂಗ ಮುಟ್ಲಿ?"

"ನಿಮ್ದ ರೀ, ನಿಮ್ದ! ಮದ್ಲ ಹಿಡೀರಿ!"

ಇಡೀ ಬಜಾರು ಅದನ್ನು ಕೇಳಿತು. ಆಮೇಲೆ ಎದ್ದೆ. ಅಷ್ಟರಲ್ಲಿ ಗಾಡಿ ಟಾಂಗಾ ತಪ್ಪಿಸಿಕೊಂಡು ಕಲ್ಲಿಗೆ ಬಡಿದು, ಮುಂದಿನ ಒಂದು ದೀಪ ಸೊಟ್ಟಗಾಗಿತ್ತು. ಸಾಹೇಬರು ಪೆಟ್ಟಿಗೆ ಮರಳಿಸಿದರು.

ಆ ದೀಪವನ್ನು ನಾನು ಇಂದಿಗೂ ನೆಟ್ಟಗೆ ಮಾಡಿಲ್ಲ. ಯಾರಾದರೂ ಲೈಸೆನ್ಸ್ ಕೇಳಿದರೆ ಅದನ್ನೇ ತೋರಿಸುತ್ತೇನೆ.