ಒರತೆಗೆ ಕಾವಲಿದ್ದವರು

ನಂಜನಗೂಡಿನಿಂದ ತಿ. ನರಸೀಪುರದ ಬಸ್ಸು ಹತ್ತಿದಾಗ ನನ್ನ ಹೆಗಲಲ್ಲಿ ರೀಲಿನ ಕ್ಯಾಮೆರಾ ಇತ್ತು. ಎರಡು ಸಾವಿರದ ಇಸವಿಯ ಆಚೀಚೆ, ಬೇಸಿಗೆ. ನಾನು ಆಗ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಹೊಳೆಯ ಮರಳಿನಲ್ಲಿ ಗುಂಡಿ ತೋಡಿ ಕುಡಿಯುವ ನೀರು ತೆಗೆಯುವ ಒರತೆಗಳನ್ನು ಮಕ್ಕಳಿಗೆ ಫೋಟೊದಲ್ಲಾದರೂ ತೋರಿಸಬೇಕೆಂದಿದ್ದೆ. ಮರಳು ಲಾರಿಗಳು ಬಂದ ಮೇಲೆ ಅವು ಒಂದೊಂದಾಗಿ ಬತ್ತುತ್ತಿವೆ ಎಂದು ಕೇಳಿದ್ದೆ.

ನರಸೀಪುರದಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಹೋಟೆಲಿನಲ್ಲಿ ಇಡ್ಲಿ ತಿಂದು, ಹೊಳೆದಂಡೆಯ ಹಳ್ಳಿಯೊಂದರ ದಾರಿ ಕೇಳಿದೆ. ಗಲ್ಲಾದಲ್ಲಿದ್ದವನ ಕಣ್ಣು ಕ್ಯಾಮೆರಾ ಮೇಲೇ ಇತ್ತು. "ಪೇಪರ್‌ನವ್ರಾ ಸಾ?" ಎಂದ. ಅಲ್ಲವೆಂದೆ. ನಂಬಲಿಲ್ಲ.

ಆಟೋ ಹಳ್ಳಿಯ ತುದಿಗೆ ಬಿಟ್ಟಿತು. ಕಪಿಲೆ ಆಚೆ ದಡಕ್ಕೆ ಸರಿದು ಸಣ್ಣಗೆ ಹರಿಯುತ್ತಿದ್ದಳು. ಲಾರಿಗಳು ಮರಳಿಗಿಳಿಯುವ ಹಾದಿಗೆ ಅಡ್ಡಲಾಗಿ ಯಾರೋ ಎದೆಮಟ್ಟದ ಟ್ರೆಂಚು ತೋಡಿದ್ದರು, ಮಣ್ಣಿನ್ನೂ ಹಸಿಯಾಗಿತ್ತು. ಕೆಳಗೆ ಒರತೆಗಳ ಬಳಿ ಗುದ್ದಲಿ ಹಿಡಿದ ನಾಲ್ಕೈದು ಹೆಂಗಸರಿದ್ದರು. ಎಲ್ಲ ಒಂದೇ ಚಿತ್ರದಲ್ಲಿ ಸಿಗುವಂತೆ ಕ್ಲಿಕ್ಕಿಸಿದೆ.

"ಯಾರ್ರೀ ನೀವು?" ನಡುವಯಸ್ಸಿನ ಒಬ್ಬಾಕೆ ದಡ ಹತ್ತಿ ಬಂದಳು. ಮಿಕ್ಕವರು ಅವಳನ್ನು ಮಾದೇವಕ್ಕ ಎನ್ನುತ್ತಿದ್ದರು. ಮೇಷ್ಟ್ರು ಎಂದೆ.

"ಮೇಷ್ಟ್ರಿಗೆ ನಮ್ ಫೋಟೊ ಯಾಕ್ ಸಾ? ಓದ್ಸಲ ಒಬ್ಬ ಸರ್ವೆ ಅಂತ ಬಂದು ಫೋಟೊ ತಕ್ಕೊಂಡೋದ. ಆಮೇಲೆ ಲಾರಿಯೋರು ಅದ್ನ ಇಟ್ಕೊಂಡು ಮನೆಮನೆ ಉಡಿಕ್ಕೊಂಡು ಬಂದ್ರು. ಮರಳು ಓದ್ರೆ ಒರತೆ ಓಯ್ತದೆ. ನಮ್ ಮೊಮ್ಮಕ್ಕಳು ಏನ್ ಕುಡೀಬೇಕು?"

ನನಗೂ ಅನುಮಾನವಿತ್ತು. ಒರತೆಯ ಪಕ್ಕದಲ್ಲಿ ಮರಳು ಗುಡ್ಡೆ ಹಾಕಿತ್ತು. ಇವರೇ ಮಾರುತ್ತಿರಬಹುದೇ? "ಆ ಗುಡ್ಡೆ ಯಾರದು?" ಎಂದುಬಿಟ್ಟೆ.

"ಗುಂಡಿ ತೋಡುದ್ರೆ ಮರಳು ಎಲ್ಲಿಗೋಯ್ತದೆ? ಮಳೆ ಬಂದಾಗ ಒಳೆನೇ ಎಳ್ಕೊಂತದೆ," ಎಂದಳು. "ಈಗ ಆ ರೀಲು ಬಿಚ್ಚಿ."

ಅದೇ ರೀಲಿನಲ್ಲಿ ನನ್ನ ಮಗಳ ನಾಮಕರಣದ ಚಿತ್ರಗಳೂ ಇದ್ದವು. ಹೇಳಿದೆ. ಮಾದೇವಕ್ಕ ಒಂದು ಗಳಿಗೆ ನೆಲ ನೋಡಿದಳು, ಆದರೆ ಕೈ ಚಾಚಿಕೊಂಡೇ ಇದ್ದಳು. ಕೊನೆಗೆ ಕ್ಯಾಮೆರಾ ತೆರೆದು, ರೀಲನ್ನು ಬಿಸಿಲಿಗೆ ಉದ್ದಕ್ಕೂ ಎಳೆದು ಅವಳ ಕೈಗಿಟ್ಟೆ.

ಅವಳು ಒರತೆಯಿಂದ ಚಿಪ್ಪಿನಲ್ಲಿ ನೀರು ಮೊಗೆದು ನನ್ನ ಬೊಗಸೆಗೆ ಹೊಯ್ದಳು. ತಣ್ಣಗೆ, ಸಿಹಿಯಾಗಿತ್ತು. "ಕುಡ್ಕೊಂಡು ಒಂಟೋಗಿ. ಇನ್ನೊಂದ್ಸಲ ಬರ್ಬ್ಯಾಡಿ."

ಸಂಜೆಯ ಬಸ್ಸಿನಲ್ಲಿ ಖಾಲಿ ಸೀಟುಗಳಿದ್ದರೂ ಒಬ್ಬಾತ ನನ್ನ ಪಕ್ಕದಲ್ಲೇ ಬಂದು ಕುಳಿತು, ನಂಜನಗೂಡಿಗೆ ಟಿಕೆಟ್ ಮಾಡಿಸಿದ. ಬಲು ನಯವಾಗಿ ಮಾತಿಗಿಳಿದ.

"ಒಳೆ ಕಡೆ ಓಗಿದ್ರಂತೆ ಸಾ. ದಾರಿ ಅಗೆಯೋರು ಯಾರಾದ್ರೂ ಕಂಡ್ರಾ? ಫೋಟೊ ಸಿಕ್ತಾ?"

"ಸಂಗಮ ನೋಡಿ ಬಂದೆ. ರೀಲೇ ಇಲ್ಲ," ಎಂದು ಕ್ಯಾಮೆರಾದ ಬೆನ್ನು ತೆರೆದು ತೋರಿಸಿದೆ. ಅವನು ಬಗ್ಗಿ ನೋಡಿದ.

ಬಿಳಿಗೆರೆಯಲ್ಲಿ ಇದ್ದಕ್ಕಿದ್ದಂತೆ ಎದ್ದು ಇಳಿದ. ಬಸ್ಸು ಹೊರಟಾಗ ಕಿಟಕಿಯಿಂದ ಹಿಂದಿರುಗಿ ನೋಡಿದೆ. ಅವನು ರಸ್ತೆ ದಾಟಿ, ನರಸೀಪುರಕ್ಕೆ ವಾಪಸ್ಸು ಹೋಗುವ ಬಸ್ಸಿಗೆ ಕಾಯುತ್ತಾ ನಿಂತಿದ್ದ.