ಟೂರೆ ಹಾಲ್‌ಕ್ವಿಸ್ಟನ ಸ್ವಂತ ಕಾರು

ಟೂರೆ ಹಾಲ್‌ಕ್ವಿಸ್ಟ್ ನಲವತ್ತು ವರ್ಷ ರೇಸು ಓಡಿಸಿದ. ಓಡಿಸಿದ್ದೆಲ್ಲ ಬೇರೆಯವರ ಕಾರು. ಡಾಂಬರಿನ ಮೇಲೆ ಟೂರಿಂಗ್ ಕಾರು, ಅರ್ಧ ಡಾಂಬರು ಅರ್ಧ ಜಲ್ಲಿಯ ರ‍್ಯಾಲಿಕ್ರಾಸ್, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲಿನ ಓಟ, ಯಾವುದಕ್ಕೂ ಅವನು ಒಲ್ಲೆ ಅಂದವನಲ್ಲ. ಎಲ್ಲೋ ಒಬ್ಬ ಡ್ರೈವರನ ಕೈ ಮುರಿದರೆ, ಇನ್ನೊಬ್ಬನ ಹೆಂಡತಿಗೆ ಹೆರಿಗೆ ನೋವು ಬಂದರೆ, ತಂಡದವರು ದಾಲ್ಸ್‌ಲಾಂಡಿನ ಅವನ ಮನೆಗೆ ಫೋನು ಮಾಡುತ್ತಿದ್ದರು. ಇವನು ಹೆಲ್ಮೆಟ್ ಎತ್ತಿಕೊಂಡು ಹೊರಟೇಬಿಡುತ್ತಿದ್ದ. ಎಂಥ ಕಾರಿದ್ದರೂ ಎರಡು ಸುತ್ತಿನೊಳಗೆ ಅದರ ಗುಣ ಅವನ ಮೈಗೆ ತಿಳಿಯುತ್ತಿತ್ತು. ಪತ್ರಿಕೆಯವರು ಬಹುಮುಖ ಪ್ರತಿಭೆ ಎಂದು ಬರೆದರು. ಊರಿನವರು 'ಬಾಡಿಗೆ ಬಲಗಾಲು' ಎಂದು ಹೆಸರಿಟ್ಟರು. ಊರಿನವರ ಹೆಸರೇ ಉಳಿಯಿತು.

ಗೆದ್ದದ್ದೂ ಉಂಟು. ಗೆದ್ದ ದಿನ ಟ್ರೋಫಿ ತಂಡದ ಗಾಜಿನ ಬೀರುವಿಗೆ, ಕಾರು ತಂಡದ ಲಾರಿಗೆ, ಟೂರೆ ಬಸ್ಸಿಗೆ. ಮದುವೆ ಮೂರು ವರ್ಷ ನಡೆದು ನಿಂತಿತು. ಐವತ್ತೇಳು ತುಂಬುವ ಹೊತ್ತಿಗೆ ಫೋನೂ ನಿಂತಿತು. ರೇಸು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ, ಬೇರೇನೂ ಬೇಕಾಗಿಯೂ ಇರಲಿಲ್ಲ.

ಅವನ ಅಣ್ಣ ಎವರ್ಟ್ ಊರಲ್ಲೇ ಉಳಿದ ಮೆಕ್ಯಾನಿಕ್. ಕ್ಯಾನ್ಸರಿಗೆ ಇನ್ನು ಮದ್ದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಅವನು ಗುಜರಿಯಿಂದ ಒಂದು ಹಳೇ ವೋಲ್ವೊ ಎಳೆದು ತಂದ. ಚಳಿಗಾಲ ಪೂರ್ತಿ ಶೆಡ್ಡಿನಲ್ಲಿ ಕೂತು ಅದರ ಎಂಜಿನ್ ಬಿಚ್ಚಿ ಕಟ್ಟಿದ. ಮಾರ್ಚಿನಲ್ಲಿ ಕೀಲಿಯನ್ನು ತಮ್ಮನ ಕಡೆಗೆ ಎಸೆದ.

"ತಗೋ, ಇದು ನಿಂದು. ಸಾಯೋವರೆಗೂ ಕಂಡವರ ಕಾರಿಗೆ ಜೊಲ್ಲು ಸುರಿಸ್ಕೊಂಡು ಓಡಾಡ್ಬೇಡ."

"ಎಲ್ಲಿ ಓಡಿಸ್ಲಿ ಇದನ್ನ?"

"ಫೋಕ್‌ರೇಸಲ್ಲಿ. ಇನ್ನೆಲ್ಲಿ? ನಿನ್ನ ಮುಖಕ್ಕೆ ಮೊನಾಕೊ ಬೇಕಾ?" ಎವರ್ಟ್ ನಕ್ಕ, ಕೆಮ್ಮಿದ. "ಆದ್ರೆ ಗೆಲ್ಬೇಡ, ಕೇಳಿಸ್ತಾ? ನಾಲ್ಕನೆಯವನಾಗಿ ಬಾ. ನಾಲ್ಕನೇ ಕಾರನ್ನ ಯಾರೂ ತಿರುಗಿ ನೋಡಲ್ಲ."

ಏಪ್ರಿಲಿನಲ್ಲಿ ಎವರ್ಟ್ ತೀರಿಕೊಂಡ.

ಫೋಕ್‌ರೇಸ್ ಎಂದರೆ ಬಡವರ ಓಟ. ಹಣವಂತರು ಬಂದು ಕಾರಿಗೆ ದುಡ್ಡು ಸುರಿಯಬಾರದೆಂದು ಅಲ್ಲೊಂದು ಕಟ್ಟಳೆ. ಓಟ ಮುಗಿದ ಮೇಲೆ ಎಲ್ಲ ಕಾರೂ ಮಾರಾಟಕ್ಕೆ, ಎಲ್ಲಕ್ಕೂ ಒಂದೇ ಬೆಲೆ. ಲೈಸೆನ್ಸ್ ಇದ್ದವರು ಯಾವ ಕಾರಿಗೆ ಬೇಕಾದರೂ ಚೀಟಿ ಹಾಕಬಹುದು. ಹಲವು ಚೀಟಿ ಬಿದ್ದರೆ ಒಂದನ್ನು ಎತ್ತುತ್ತಾರೆ. ಕಾರು ಕೊಡುವುದಿಲ್ಲ ಎಂದವನ ಲೈಸೆನ್ಸ್ ಅಲ್ಲೇ ಹೋಯಿತು. ಅದಕ್ಕೇ ಒಳ್ಳೆ ಕಾರಿದ್ದವರು ಅದಕ್ಕೆ ಕೆಸರು ಮೆತ್ತಿ, ಬಾಗಿಲು ನಗ್ಗಿಸಿ, ಗೆಲ್ಲುವ ಓಟವನ್ನೂ ಹಲ್ಲು ಕಚ್ಚಿ ಬಿಟ್ಟುಕೊಡುತ್ತಾರೆ.

ಟೂರೆಗೆ ಬಿಟ್ಟುಕೊಡಲು ಬರಲಿಲ್ಲ. ಮೇ ತಿಂಗಳ ಮೊದಲ ಭಾನುವಾರ, ಓಟ ಶುರುವಾಗುವ ಮುಂಚೆ, ಶಾಲಾ ಬಸ್ಸು ಓಡಿಸುವ ರಾಗ್ನಾ ಫೋಶ್ ಪಕ್ಕದ ಕಾರಿನಿಂದ ಕೂಗಿದಳು: "ಏನಪ್ಪಾ ದೊಡ್ಮನುಷ್ಯ, ಡಾಂಬರು ಮುಗೀತಾ? ಮಣ್ಣು ತಿನ್ನೋಕೆ ಬಂದ್ಯಾ?" ಐದು ಸುತ್ತು ಅವನು ಅಣ್ಣನ ಮಾತಿನಂತೆ ನಾಲ್ಕನೆಯವನಾಗಿಯೇ ಇದ್ದ. ಕೊನೆಯ ಸುತ್ತಿನಲ್ಲಿ ಮುಂದೆ ಒಂದಿಷ್ಟು ಜಾಗ ಕಂಡಿತು, ಬಲಗಾಲು ತಾನಾಗಿ ಇಳಿಯಿತು. ಸ್ವಂತ ಕಾರಿನಲ್ಲಿ ಮೊದಲ ಸಲ ಗೆದ್ದ. ಆ ಸಂತೋಷ ಅರ್ಧ ಗಂಟೆ ಇತ್ತು.

ಅವನ ಕಾರಿಗೆ ಹನ್ನೊಂದು ಚೀಟಿ ಬಿದ್ದವು. ಟೂರೆ ಒಬ್ಬೊಬ್ಬರ ಹತ್ತಿರವೂ ಹೋಗಿ, ಸಾಸೇಜು ತಿನ್ನುತ್ತಿದ್ದವರ ಮುಂದೆ ನಿಂತು ಅಂಗಲಾಚಿದ. "ಅಣ್ಣ ಸಾಯ್ತಾ ಸಾಯ್ತಾ ಮಾಡಿದ್ದು. ಚೀಟಿ ವಾಪಸ್ ತಗೊಳ್ರೋ." ಎಂಟು ಜನ ತೆಗೆದುಕೊಂಡರು. ಉಳಿದ ಮೂರರಲ್ಲಿ ರಾಗ್ನಾಳ ಚೀಟಿ ಬಂತು.

"ಎವರ್ಟ್ ಕೈಯ ಎಂಜಿನ್ ಅಂತ ಗೊತ್ತಿದ್ದೇ ಹಾಕಿದ್ದು ಕಣೋ," ಅಂದಳು ಅವಳು. "ಹದಿನೈದು ವರ್ಷದ ಹಿಂದೆ ಅವನು ನನ್ನ ಕಾರನ್ನ ಹೀಗೇ ತಗೊಂಡ. ನಾನು ಅತ್ತಾಗ ಯಾರು ಬಂದಿದ್ರು?"

ಕೊಡುವುದಿಲ್ಲ ಎನ್ನಲು ಅವನು ಬಾಯಿ ತೆರೆದ. ಲೈಸೆನ್ಸ್ ಹೋದರೆ ಮುಂದಿನ ಭಾನುವಾರ ಅದೇ ಕಾರಿಗೆ ತಾನು ಚೀಟಿ ಹಾಕುವಂತಿಲ್ಲ ಎಂಬುದು ಹೊಳೆಯಿತು. ಕೀಲಿ ಕೊಟ್ಟ.

ಅಲ್ಲಿಂದ ಅವನಿಗೆ ಒಂದೇ ಹುಚ್ಚು. ಕಾರು ಓಟಕ್ಕೆಂದು ಸೆಫ್ಲೆಗೆ ಹೋದರೆ ಇವನೂ ಸೆಫ್ಲೆಗೆ, ಆರ್ವಿಕಾಕ್ಕೆ ಹೋದರೆ ಆರ್ವಿಕಾಕ್ಕೆ. ಪ್ರತಿ ಭಾನುವಾರ ಚೀಟಿ ಹಾಕುವುದು, ಪ್ರತಿ ಭಾನುವಾರ ಬರಿಗೈಯಲ್ಲಿ ಮರಳುವುದು. ಕಾರು ರಾಗ್ನಾಳಿಂದ ಒಬ್ಬ ವೆಲ್ಡರಿಗೆ, ಅವನಿಂದ ಹಾಲಿನ ಲಾರಿಯವನಿಗೆ ದಾಟಿತು. ಒಂದು ಸಲ ಪಲ್ಟಿ ಹೊಡೆಯಿತು. ಇನ್ನೊಂದು ವಾರ ಅದರ ಬಾಗಿಲು ಬೇರೆ ಬಣ್ಣದ್ದಾಗಿತ್ತು. ಕಣ್ಣೆದುರೇ ತನ್ನ ಮಗುವನ್ನು ಕಂಡವರು ಹೊಡೆಯುತ್ತಿರುವಂತೆ ಅವನು ತಂತಿಬೇಲಿಯ ಆಚೆ ನಿಂತು ಸಂಕಟಪಟ್ಟ.

ಜುಲೈಯಲ್ಲಿ ಫೋನು ಬಂತು. ಒಂದು ರ‍್ಯಾಲಿಕ್ರಾಸ್ ತಂಡದ ಡ್ರೈವರ್ ಮಣಿಕಟ್ಟು ಮುರಿದುಕೊಂಡಿದ್ದ. ಉಳಿದ ಓಟಗಳೆಲ್ಲ ಟೂರೆಗೇ, ಭಾನುವಾರ ಬಂದು ಓಡಿಸಿ ತೋರಿಸಿದರೆ ಸಾಕು.

"ಭಾನುವಾರ ಆಗಲ್ಲ," ಅಂದ ಟೂರೆ. ನಲವತ್ತು ವರ್ಷದಲ್ಲಿ ಮೊದಲ ಸಲ.

"ಟೂರೆ, ನಿನಗೀಗ ಎಷ್ಟು ವಯಸ್ಸು? ಇನ್ನೊಂದ್ಸಲ ಯಾರೂ ಕರೆಯಲ್ಲ."

"ಗೊತ್ತು."

ಆ ಭಾನುವಾರವೂ ಅವನ ಚೀಟಿ ಬರಲಿಲ್ಲ. ಕಾರು ಹೆಂಚು ಹೊದಿಸುವ ಕೆಲಸದ ಒಬ್ಬನ ಪಾಲಾಯಿತು. ಟೂರೆ ಕಕ್ಕಸಿನ ಹಿಂದೆ ಹೋಗಿ ನಿಂತು ಬಿಕ್ಕಿ ಬಿಕ್ಕಿ ಅತ್ತ. ಕೈಯಲ್ಲಿ ಕೆಲಸವೂ ಇರಲಿಲ್ಲ, ಕಾರೂ ಇರಲಿಲ್ಲ.

ಆಗಸ್ಟಿನ ಕೊನೆಯಲ್ಲಿ, ಓಮೋಲಿನ ಓಟದಲ್ಲಿ, ಕಾರು ಎಲ್ಲರಿಗಿಂತ ಹಿಂದೆ ಬಂತು. ಚಾವಣಿ ಕುಸಿದಿತ್ತು, ಒಂದು ಚಕ್ರ ಓರೆಯಾಗಿತ್ತು. ಅದಕ್ಕೆ ಬಿದ್ದದ್ದು ಒಂದೇ ಚೀಟಿ.

"ಇದಕ್ಕಾ ಹಾಕಿದ್ದು? ತಲೆ ನೆಟ್ಟಗಿದೆಯಾ?" ಹೆಂಚಿನವನಿಗೆ ನಗು ತಡೆಯಲಾಗಲಿಲ್ಲ.

"ಎಂಜಿನ್ ಏನಾದ್ರೂ ಬದಲಾಯಿಸಿದ್ಯಾ?"

"ನಾನು ಬಾನೆಟ್ ತೆಗ್ದಿದ್ದು ಎಣ್ಣೆ ಹಾಕೋಕೆ ಅಷ್ಟೇ. ಮುಂಚಿನವರು ಏನ್ ಮಾಡಿದಾರೋ ಯಾವನಿಗ್ಗೊತ್ತು?"

ಟೂರೆ ಬೇರೇನೂ ಕೇಳಲಿಲ್ಲ. ಒಳಗೆ ಕೂತು, ಬೆಲ್ಟು ಕಟ್ಟಿ, ಖಾಲಿ ಟ್ರ್ಯಾಕಿನಲ್ಲಿ ಒಂದು ಸುತ್ತು ಹೊಡೆದ. ಎಂಜಿನ್ನಿನ ಅದುರು ಬೆನ್ನಿಗೆ ತಾಗಿತು. ಇದೇ, ಇದೇ ಎಂದು ಒಬ್ಬನೇ ಜೋರಾಗಿ ಹೇಳಿಕೊಂಡ. ಕಣ್ಣಲ್ಲಿ ನೀರು ಬಂತು. ಕಾರನ್ನು ಟ್ರೇಲರಿಗೆ ಹತ್ತಿಸಿ ನೇರ ಅತ್ತಿಗೆಯ ಮನೆಗೆ ಹೊರಟ.

ಅತ್ತಿಗೆ ಗುನ್‌ವೋರ್ ಅಂಗಳದ ಪೊದೆಯಿಂದ ಪುಟ್ಟ ಕೆಂಪು ಹಣ್ಣು ಬಿಡಿಸುತ್ತಿದ್ದಳು. ಟೂರೆ ಕಾರನ್ನು ಇಳಿಸಿ, ಎಂಜಿನ್ ಶುರುಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ತಂದ್ಬಿಟ್ಟೆ, ಗುನ್‌ವೋರ್! ಕೇಳು, ಅದೇ ಸದ್ದು!"

ಅವಳು ಕೈ ಒರೆಸಿಕೊಂಡು ಬಂದು ಬಾನೆಟ್ ಎತ್ತಿದಳು. ಚಳಿಗಾಲ ಪೂರ್ತಿ ಗಂಡನಿಗೆ ದೀಪ ಹಿಡಿದವಳು ಅವಳು. ಕೊನೆಕೊನೆಗೆ ಅವನ ಬೆರಳಲ್ಲಿ ಶಕ್ತಿ ಇಲ್ಲದಾಗ ಬೋಲ್ಟುಗಳನ್ನು ಬಿಗಿದವಳೂ ಅವಳೇ. ಆ ದಿನಗಳಲ್ಲಿ ಟೂರೆ ಭಾನುವಾರ ಬರುತ್ತಿದ್ದ, ಅಡುಗೆಮನೆಯಲ್ಲಿ ಕಾಫಿ ಕುಡಿದು ತನ್ನ ಓಟಗಳ ಕತೆ ಹೇಳಿ ಹೋಗುತ್ತಿದ್ದ. ಒಂದು ಸಲವೂ ಶೆಡ್ಡಿನಲ್ಲಿ ಕೂತವನಲ್ಲ.

ಗುನ್‌ವೋರ್ ಬಹಳ ಹೊತ್ತು ಬಗ್ಗಿಕೊಂಡೇ ಇದ್ದಳು.

"ಆಫ್ ಮಾಡು," ಅಂದಳು.

"ಯಾಕೆ? ಸ್ವಲ್ಪ ಕೇಳು..."

"ಇದು ಅವನ ಎಂಜಿನ್ ಅಲ್ಲ ಟೂರೆ. ಇದರಲ್ಲಿ ಅವನದು ಒಂದು ಬೋಲ್ಟೂ ಇಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ. "ಅಲ್ಲಿಂದ ಇಲ್ಲೀವರೆಗೂ ನಿಂಗೆ ಗೊತ್ತಾಗ್ಲೇ ಇಲ್ವಾ?"

ಟೂರೆ ಕೀಲಿ ತಿರುಗಿಸಿದ. ಎಂಜಿನ್ ನಿಂತಿತು.

"ಇಲ್ಲ," ಅಂದ.