ಕ್ಯಾಲ್ಕುಲೇಟರಿಗಿಟ್ಟ ಬೊಟ್ಟು

ಮಡಕಶಿರಾ ಕಡೆಯ ಅಗಳಿಯಿಂದ ರಾಯದುರ್ಗಕ್ಕೆ ಜೀನ್ಸ್ ಕೆಲಸಕ್ಕೆ ಬಂದವರಲ್ಲಿ ಕಟಿಂಗ್ ಟೇಬಲ್ಲಿನವರೆಗೆ ಏರಿದ ಹೆಣ್ಣು ನಾನೊಬ್ಬಳೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಯಾವ ಅಳತೆಗೆ ಎಷ್ಟು ಬಟ್ಟೆ ಬೇಕೆಂಬುದನ್ನು ಕಟಿಂಗ್ ಮಾಸ್ಟರ್ ತಮ್ಮ ಕ್ಯಾಲ್ಕುಲೇಟರಿನಲ್ಲಿ ತುಂಬಿಟ್ಟಿದ್ದರು. ಅವರನ್ನು ಬಿಟ್ಟರೆ ಅದನ್ನು ಮುಟ್ಟುವ ಹಕ್ಕು ನನಗೊಬ್ಬಳಿಗೇ ಇತ್ತು. ಬಳ್ಳಾರಿಯಿಂದ ತಂದ ಹಳೇ ಮಾಲು. ಇನ್ನೊಂದು ಯಂತ್ರಕ್ಕೆ ವೈರಿನಿಂದ ಜೋಡಿಸಲೆಂದು ನೆತ್ತಿಯಲ್ಲೊಂದು ತೂತು. ಆ ವೈರನ್ನು ನಾವು ಯಾರೂ ಕಂಡವರಲ್ಲ.

ದಸರಾ ಕಳೆದದ್ದೇ ತಡ, ಹೊಸ ಸೆಲ್ ಹಾಕಿದರೂ ಎರಡು ದಿನ ಬರುತ್ತಿರಲಿಲ್ಲ. ಸೆಲ್ ಸತ್ತಾಗಲೆಲ್ಲ ತುಂಬಿಟ್ಟ ಅಳತೆಗಳೂ ಅಳಿಸಿಹೋಗುತ್ತಿದ್ದವು.

"ಯಾಕವ್ವ, ಮತ್ತ ಆಫ್ ಮಾಡದ ಹೋಗಿದ್ದೇನು?" ಎಂದರು ಮಾಸ್ಟರ್.

"ಆಫ್ ಮಾಡೇ ಮಡಗ್ತೀನಿ ಕಣಣ್ಣ."

"ಇನ್ನೊಂದು ಸಲ ಹಿಂಗಾದ್ರ ನೀನು ದಾರ ಕತ್ತರಿಸಾಕ ಹೋಗು."

ದಾರ ಕತ್ತರಿಸುವ ಮೂಲೆಯೆಂದರೆ ನಾನು ಊರಿಂದ ಬಂದ ಮೊದಲ ದಿನ ಕೂತ ಜಾಗ. ಮಾಡದ ತಪ್ಪಿಗೆ ತಲೆ ಬಾಗಿಸುವ ಜಾಯಮಾನ ನನ್ನದಲ್ಲ.

ಶನಿವಾರ ಹೊಸ ಸೆಲ್ ಹಾಕಿ, ಆಫ್ ಮಾಡಿ, ಮಾಸ್ಟರ್ ಕೈಯಿಂದಲೇ ಬೀರುವಿಗೆ ಬೀಗ ಹಾಕಿಸಿದೆ. ಸೋಮವಾರ ತೆಗೆದರೆ ಸತ್ತಿತ್ತು. ಹಾಗಾದರೆ ಒಳಗೇ ಏನೋ ಸೆಲ್ ತಿನ್ನುತ್ತಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತೂತಿನೊಳಗಿನ ತಂತಿಗಳ ನಡುವೆ ಕೆಂಪಗೆ ಕುಂಕುಮ.

ಆಯುಧಪೂಜೆಯ ದಿನ ಎಲ್ಲ ಮಿಷನ್ನುಗಳಿಗೂ ಕುಂಕುಮವನ್ನು ನೀರಲ್ಲಿ ಕಲಸಿ ಇಟ್ಟವಳು ನಾನೇ. ಕ್ಯಾಲ್ಕುಲೇಟರಿಗೆ ಹಣೆ ಎಲ್ಲಿದೆಯೆಂದು ಹುಡುಕಿ, ನೆತ್ತಿಯ ತೂತಿಗೇ ಬೆರಳೊತ್ತಿದ್ದೆ. ಪಕ್ಕದ ವಾಷಿಂಗ್ ಶೆಡ್ಡಿನ ಹಬೆಗೆ ಅದು ಇನ್ನೂ ಒಣಗಿರಲಿಲ್ಲ. ಆಫ್ ಇದ್ದಾಗಲೂ ಆ ಹಸಿಯ ದಾರಿಯಲ್ಲಿ ಕರೆಂಟು ಹರಿದುಹೋಗುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅಂತ ಬೇರೆಯವರಿಗೆ ಹೇಳುತ್ತಿದ್ದವಳು ನಾನು.

ಗುಟ್ಟಾಗಿ ಒರೆಸಿಬಿಡಬಹುದಿತ್ತು. ಆದರೆ ಮಾಸ್ಟರ್ ಮುಂದೆ ಹಿಡಿದೆ.

"ಬೊಟ್ಟು ಇಟ್ಟಿದ್ದು ನನ್ ತಪ್ಪು ಕಣಣ್ಣ. ಆಫ್ ಮಾಡಿದ್ದಂತೂ ದಿಟ."

ಅವರು ಬೀರುವಿನಿಂದ ಹೊಸ ಸೆಲ್ ತೆಗೆದುಕೊಟ್ಟರು. ಮಿಷನ್ ಒರೆಸುವ ಬ್ರಷ್ಷಿನಿಂದ ಕುಂಕುಮ ಕೆರೆದು ತೆಗೆದು, ತೂತಿನ ಮೇಲೆ ಜೀನ್ಸ್ ತುಂಡು ಅಂಟಿಸಿದೆ. ಆಮೇಲೆ ಹಾಕಿದ ಸೆಲ್ ಯುಗಾದಿ ದಾಟಿತು. ಟೇಬಲ್ಲಿನಲ್ಲಿ ನನ್ನ ಜಾಗ ನನ್ನದಾಗಿಯೇ ಉಳಿಯಿತು.

ಮರುವರ್ಷದ ಆಯುಧಪೂಜೆಗೆ ಮಾಸ್ಟರೇ ಬಟ್ಟಲು ಹಿಡಿದು ಎಲ್ಲಕ್ಕೂ ಕುಂಕುಮ ಇಡುತ್ತ ಬಂದರು. ಕ್ಯಾಲ್ಕುಲೇಟರಿನ ಮುಂದೆ ನಿಂತು ಬಟ್ಟಲನ್ನು ನನ್ನ ಕೈಗಿತ್ತರು.

"ಇದಕ್ಕ ನೀನ ಇಡವ್ವ. ಎಲ್ಲಿಡಬೇಕಂತ ನಿನಗ ಗೊತ್ತೈತಿ."

ಇಡೀ ಶೆಡ್ಡು ನೋಡುತ್ತಿತ್ತು. ನಾನು ಬಟ್ಟಲು ಪಕ್ಕಕ್ಕಿಟ್ಟು, ಕ್ಯಾಲ್ಕುಲೇಟರನ್ನು ಮಗುಚಿ, ಬೆನ್ನಿಗೆ ಪೊಟ್ಟಣದ ಒಣ ಕುಂಕುಮ ಇಟ್ಟೆ.